ತಿರುಗಿಸಿ ಗುಣಿಸೋದು ಯಾಕೆ? ಗಣಿತ ಟೀಚರ್ ಇಂಟರ್‌ವ್ಯೂಗೆ ನನ್ನ ಟಿಪ್ಪಣಿ

ಹೋದ ವಾರ ಕೋಲಾರದ ಒಂದು ಶಾಲೆಯಲ್ಲಿ ಇಂಟರ್‌ವ್ಯೂ ಇತ್ತು. 6 ಮತ್ತು 7ನೇ ತರಗತಿಗೆ ಗಣಿತ. ಕೆಲಸ ಸಿಗಲಿಲ್ಲ. ಎಲ್ಲಿ ತಡವರಿಸಿದೆ ಅನ್ನುವುದು ಮಾತ್ರ ಚೆನ್ನಾಗಿ ನೆನಪಿದೆ. ಮರೆಯುವ ಮೊದಲು ಬರೆದಿಡುತ್ತಿದ್ದೇನೆ. ಬಿ.ಎಡ್. ಮುಗಿಸಿ ಶಾಲೆಯಿಂದ ಶಾಲೆಗೆ ಓಡಾಡುತ್ತಿರುವ ನಿಮಗೂ ಉಪಯೋಗವಾಗಬಹುದು.

"ನಿಮ್ಮ ಬಗ್ಗೆ ಹೇಳಿ", "ಟೀಚರ್ ಯಾಕೆ ಆಗಬೇಕು" ಇವನ್ನು ಬಿಡುತ್ತೇನೆ. ಅವಕ್ಕೆ ಎಲ್ಲರೂ ತಯಾರಾಗಿಯೇ ಹೋಗುತ್ತೇವೆ.

ನಾನು ನಿಂತುಹೋದ ಪ್ರಶ್ನೆ

ಡೆಮೊ ಕ್ಲಾಸಿಗೆ ಭಿನ್ನರಾಶಿಯ ಭಾಗಾಕಾರ ಕೊಟ್ಟರು. ಬೋರ್ಡಿನ ಮೇಲೆ 1/2 ÷ 1/4 ಬರೆದೆ. "ಎರಡನೆಯದನ್ನು ತಿರುಗಿಸಿ, ಅಂದರೆ 1/4 ಅನ್ನು 4/1 ಮಾಡಿ, ಗುಣಿಸಬೇಕು, ಉತ್ತರ 2" ಅಂದೆ. ಎದುರಿಗೆ ಕೂತಿದ್ದ ಹಿರಿಯ ಮೇಡಂ ಮಗುವಿನ ಹಾಗೆ ಕೈ ಎತ್ತಿದರು. "ಮಿಸ್, ಯಾಕೆ ತಿರುಗಿಸಬೇಕು?" ಅದು ನಿಯಮ ಅಂದೆ. ಅವರು ಬಿಡಲಿಲ್ಲ. "ಭಾಗಿಸಿದರೆ ಕಡಿಮೆ ಆಗಬೇಕಲ್ವಾ ಮಿಸ್? ಅರ್ಧ ಇದ್ದಿದ್ದು ಎರಡು ಹೇಗಾಯ್ತು?"

ನನಗೆ ಉತ್ತರ ಬರಲಿಲ್ಲ. ಲೆಕ್ಕ ಮಾಡಲು ಬರುತ್ತಿತ್ತು, ಕಾರಣ ಗೊತ್ತಿರಲಿಲ್ಲ. ಆ ಪ್ರಶ್ನೆ ನ್ಯಾಯವಾಗಿಯೇ ಇತ್ತು. ನಾಳೆ ತರಗತಿಯಲ್ಲಿ ಒಂದು ಮಗು ಇದನ್ನೇ ಕೇಳುತ್ತದೆ.

ಮನೆಗೆ ಬಂದು ಎರಡು ದಿನ ಇದರ ಹಿಂದೆಯೇ ಬಿದ್ದೆ. ದಾರಿ ಸಿಕ್ಕಿದ್ದು ಅಜ್ಜಿಯ ಸೇರು ಪಾವಿನಲ್ಲಿ. 1 ಸೇರಿಗೆ 4 ಪಾವು. ಅಂದರೆ 1 ಪಾವು ಅಂದರೆ 1/4 ಸೇರು. (ಪಾವು ನೋಡಿಲ್ಲದ ಮಕ್ಕಳಿಗೆ ಕಾಲು ಲೀಟರ್ ಹಾಲಿನ ಅಳತೆ ಹೇಳಿ. ಲೆಕ್ಕ ಅದೇ.)

ಮೊದಲು ಭಾಗಾಕಾರ ಅಂದರೆ ಏನು ಅನ್ನುವುದನ್ನು ಸರಿಮಾಡಿಕೊಳ್ಳಬೇಕು. 6 ÷ 2 ಅನ್ನು ಎರಡು ರೀತಿ ಓದಬಹುದು. 6 ಇಡ್ಲಿಯನ್ನು 2 ಜನಕ್ಕೆ ಹಂಚಿದರೆ ಒಬ್ಬರಿಗೆ ಎಷ್ಟು? ಇಲ್ಲವೇ, 6 ಇಡ್ಲಿಯನ್ನು ಎರಡೆರಡಾಗಿ ಇಟ್ಟರೆ ಎಷ್ಟು ತಟ್ಟೆ ಬೇಕು? ಎರಡಕ್ಕೂ ಉತ್ತರ 3. ನಾನು ಹಂಚುವುದನ್ನು ಮಾತ್ರ ತಲೆಯಲ್ಲಿ ಇಟ್ಟುಕೊಂಡಿದ್ದೆ. ಕಾಲು ಜನಕ್ಕೆ ಹಂಚಲು ಆಗುವುದಿಲ್ಲ. ಆದರೆ ಕಾಲು ಸೇರಿನ ಪಾವಿನಲ್ಲಿ ಅಳೆಯಲು ಆಗುತ್ತದೆ.

ಈಗ 1/2 ÷ 1/4 ಅಂದರೆ, ಅರ್ಧ ಸೇರು ರಾಗಿಯನ್ನು ಪಾವಿನಲ್ಲಿ ಎಷ್ಟು ಸಲ ಅಳೆಯಬೇಕು? 2 ಸಲ. ರಾಗಿ ಜಾಸ್ತಿ ಆಗಲಿಲ್ಲ. ಅಳತೆ ಚಿಕ್ಕದು, ಅದಕ್ಕೆ ಸಲಗಳು ಜಾಸ್ತಿ ಆದವು. ಮೇಡಂ ಎರಡನೇ ಸಲ ಕೇಳಿದ್ದಕ್ಕೆ ಇದೇ ಉತ್ತರ.

ಆದರೆ ತಿರುಗಿಸುವುದು ಯಾಕೆ? ಇಲ್ಲಿ ನಿಧಾನವಾಗಿ ಓದಿ. ನಾನು ಮತ್ತೆ ಎಡವಿದ್ದು ಇಲ್ಲೇ.

3 ಪಾವು ಹಿಡಿಯುವ ಒಂದು ಡಬ್ಬ ಇದೆ ಅಂದುಕೊಳ್ಳಿ. ಅಂದರೆ ಮುಕ್ಕಾಲು ಸೇರು, 3/4. 1 ಸೇರು ರಾಗಿಯನ್ನು ಇದರಲ್ಲಿ ಅಳೆಯಿರಿ. ಅದೇ 1 ÷ 3/4. ಒಂದು ಸಲ ಡಬ್ಬ ತುಂಬಿತು, 3 ಪಾವು ಹೋಯಿತು. 1 ಪಾವು ಉಳಿಯಿತು. ಪಾವು ಅಂದರೆ ಕಾಲು, ಹಾಗಾಗಿ ಉತ್ತರ ಒಂದೂ ಕಾಲು ಅಂತ ಬರೆದೆ. ತಪ್ಪು! ಉಳಿದ ರಾಗಿ ಸೇರಿನಲ್ಲಿ ಕಾಲು, ನಿಜ. ಆದರೆ ಪ್ರಶ್ನೆ ಸೇರು ಎಷ್ಟು ಅಂತಲ್ಲ, ಎಷ್ಟು ಡಬ್ಬ ಅಂತ. ಡಬ್ಬಕ್ಕೆ 3 ಪಾವು ಬೇಕು, ನಮ್ಮ ಹತ್ತಿರ ಇರುವುದು 1. ಹಾಗಾದರೆ ಅದು ಡಬ್ಬದ ಮೂರನೇ ಒಂದು ಭಾಗ, 1/3. ಒಟ್ಟು 1 ಮತ್ತು 1/3. ಅಂದರೆ 4/3.

4/3 ಅನ್ನು ನೋಡಿ. 3/4 ತಿರುಗಿ ನಿಂತಿದೆ! ನಾವು ತಿರುಗಿಸಲಿಲ್ಲ, ಅಳೆದಾಗ ತಾನಾಗಿ ಬಂತು. 1 ಸೇರಿನಲ್ಲಿ 4 ಪಾವು, ಡಬ್ಬದಲ್ಲಿ 3 ಪಾವು. ನಾಲ್ಕನ್ನು ಮೂರು ಮೂರಾಗಿ ತೆಗೆದರೆ 4/3 ಅಲ್ವಾ? ಹೀಗೆ ತಿರುಗಿ ನಿಂತ ಭಿನ್ನರಾಶಿಗೆ ವ್ಯುತ್ಕ್ರಮ ಅನ್ನುತ್ತಾರೆ. ಅದರ ಅರ್ಥ ಇಷ್ಟೇ: ಒಂದರಲ್ಲಿ ಆ ಅಳತೆ ಎಷ್ಟು ಸಲ ಇದೆ ಅನ್ನುವುದಕ್ಕೆ ಉತ್ತರ.

ಇನ್ನು ಗುಣಿಸುವುದು ಯಾಕೆ ಅನ್ನುವುದು ಸುಲಭ. 1 ಸೇರಿಗೆ 4/3 ಡಬ್ಬ. 5 ಸೇರಿಗೆ ಅದರ ಐದರಷ್ಟು. ಅರ್ಧ ಸೇರಿಗೆ ಅದರ ಅರ್ಧ: 1/2 × 4/3 = 2/3. ಪರೀಕ್ಷಿಸಿ ನೋಡೋಣ. ಅರ್ಧ ಸೇರು ಅಂದರೆ 2 ಪಾವು. 3 ಪಾವಿನ ಡಬ್ಬಕ್ಕೆ ಸುರಿದರೆ ಮೂರರಲ್ಲಿ ಎರಡು ಭಾಗ ತುಂಬುತ್ತದೆ. ಸರಿಯಾಗಿದೆ. ಇದು ಹೊಂದಿಕೊಂಡಾಗ ನನಗೆ ಆದ ಸಂತೋಷ ಹೇಳತೀರದು.

ಉಳಿದ ಕಷ್ಟದ ಪ್ರಶ್ನೆಗಳು

"ಮಗು ಮಾತೇ ಕೇಳದಿದ್ದರೆ ಒಂದು ಏಟು ಹಾಕುತ್ತೀರಾ?" ಇಲ್ಲ ಅನ್ನಿ. 2009ರ ಶಿಕ್ಷಣ ಹಕ್ಕು ಕಾಯ್ದೆಯ 17ನೇ ಸೆಕ್ಷನ್ ಹೊಡೆಯುವುದನ್ನೂ ಮಾನಸಿಕ ಹಿಂಸೆ ಕೊಡುವುದನ್ನೂ ನಿಷೇಧಿಸಿದೆ. ಆದರೆ ಸೆಕ್ಷನ್ ಹೇಳಿ ಸುಮ್ನೆ ಕೂರಬೇಡಿ. ಬೋಧನಾ ಅಭ್ಯಾಸದಲ್ಲಿ ನೀವು ಕಂಡ ಒಂದು ಮಗು, ನೀವು ಮಾಡಿದ ಒಂದು ಕೆಲಸ ಹೇಳಿ. ನನ್ನ ತರಗತಿಯಲ್ಲಿ ಹಿಂದಿನ ಬೆಂಚಿನ ಹುಡುಗ ಸದಾ ಗಲಾಟೆ ಮಾಡುತ್ತಿದ್ದ. ಅವನಿಗೆ ಬೋರ್ಡಿನ ಅಕ್ಷರ ಸರಿಯಾಗಿ ಕಾಣುತ್ತಿರಲಿಲ್ಲ. ಮುಂದೆ ಕೂರಿಸಿದ ಮೇಲೆ ಎಷ್ಟೋ ಕಡಿಮೆಯಾಯಿತು. ಇದನ್ನು ಹೇಳಿದಾಗ ಕೂತಿದ್ದವರು ಮುಖ ಎತ್ತಿ ಕೇಳಿದರು.

"ಮನೆಯಲ್ಲಿ ತೆಲುಗು ಮಾತಾಡುವ ಮಗುವಿಗೆ ಹೇಗೆ ಕಲಿಸುತ್ತೀರಿ?" ಮುಳಬಾಗಿಲು, ಶ್ರೀನಿವಾಸಪುರ, ಬಾಗೇಪಲ್ಲಿ ಕಡೆ ಇದಕ್ಕೆ ತಯಾರಾಗಿರಲೇಬೇಕು. ಮಗು ಲೆಕ್ಕವನ್ನು ಮೊದಲು ತನ್ನ ಮಾತಿನಲ್ಲೇ ಹೇಳಲಿ. "ಸಗಂ" ಅಂದರೆ ಪಕ್ಕದಲ್ಲಿ "ಅರ್ಧ" ಅಂತ ಬೋರ್ಡಿನ ಮೇಲೆ ಬರೆಯುತ್ತೇನೆ. ತೆಲುಗು ಆಡಿದ್ದಕ್ಕೆ ಬೈದರೆ ಆ ಮಗು ಬಾಯಿ ಮುಚ್ಚಿಬಿಡುತ್ತದೆ. ಆಮೇಲೆ ಅದಕ್ಕೆ ಏನು ಗೊತ್ತಿದೆ, ಏನು ಗೊತ್ತಿಲ್ಲ ಅಂತ ತಿಳಿಯುವುದೇ ಇಲ್ಲ.

"ಮದುವೆಯಾದ ಮೇಲೆ ಬಿಟ್ಟು ಹೋಗುತ್ತೀರಾ?" ಹೆಣ್ಣುಮಕ್ಕಳನ್ನು ಇದನ್ನು ಕೇಳುವುದು ತಪ್ಪು ಅಂತಲೇ ನನ್ನ ಅಭಿಪ್ರಾಯ. ಆದರೂ ಕೇಳುತ್ತಾರೆ. "ವರ್ಷದ ಮಧ್ಯೆ ಮಕ್ಕಳನ್ನು ಬಿಟ್ಟು ಹೋಗುವುದಿಲ್ಲ" ಅಂತ ಒಂದೇ ವಾಕ್ಯ ಸಾಕು. ಅದೂ ಮನಸ್ಸಿನಲ್ಲಿ ಇದ್ದರೆ ಮಾತ್ರ ಹೇಳಿ.

ಗೊತ್ತಿಲ್ಲದ್ದನ್ನು ಕೇಳಿದರೆ "ಗೊತ್ತಿಲ್ಲ, ಆದರೆ ಹೀಗೆ ಹುಡುಕುತ್ತೇನೆ" ಅನ್ನಿ. ಆವತ್ತು "ಅದು ನಿಯಮ" ಅನ್ನುವ ಬದಲು "ಬನ್ನಿ, ಅಳೆದು ನೋಡೋಣ" ಅಂದಿದ್ದರೂ ಸಾಕಿತ್ತು.

ನಾವು ಅಭ್ಯಾಸ ಮಾಡುವ ರೀತಿ

ಮಾಲೂರಿನ ಗೆಳತಿಯೊಬ್ಬಳು ಶನಿವಾರ ಬರುತ್ತಾಳೆ. ಕೋಲಾರದ ಅಂತರಗಂಗೆ ಬೆಟ್ಟದ ಮೆಟ್ಟಿಲ ಮೇಲೆ ಕೂರುತ್ತೇವೆ. ಒಬ್ಬಳು ಮಿಸ್, ಇನ್ನೊಬ್ಬಳು ಮಗು. ಮಗು ಒಂದೇ ವಿಷಯಕ್ಕೆ ಮೂರು ಸಲ "ಯಾಕೆ" ಕೇಳಬೇಕು. ಮೂರನೆಯದಕ್ಕೆ ಸಾಮಾನ್ಯವಾಗಿ ಇಬ್ಬರೂ ಸಿಕ್ಕಿಬೀಳುತ್ತೇವೆ. ಸಿಕ್ಕಿಬಿದ್ದದ್ದನ್ನು ನೋಟ್‌ಬುಕ್ಕಿಗೆ ಹಾಕುತ್ತೇವೆ.

ಹೋದ ಶನಿವಾರದ್ದು 1 ÷ 0. ಇದಕ್ಕೂ ಡಬ್ಬವೇ ಸಹಾಯಕ್ಕೆ ಬಂತು. ಏನೂ ಹಿಡಿಯದ ಅಳತೆಯಲ್ಲಿ 1 ಸೇರು ರಾಗಿಯನ್ನು ಎಷ್ಟು ಸಲ ಅಳೆದರೆ ಮುಗಿಯುತ್ತದೆ? ನೂರು ಸಲ ಅಳೆದರೂ ರಾಗಿ ಹಾಗೇ ಇರುತ್ತದೆ. ಮುಗಿಯುವುದೇ ಇಲ್ಲ, ಅದಕ್ಕೆ ಉತ್ತರವೂ ಇಲ್ಲ. "ಹಾಗಾದರೆ ರಾಗಿಯೂ ಇಲ್ಲದಿದ್ದರೆ, 0 ÷ 0?" ಅಂತ ಅವಳು ಕೇಳಿದಳು. ಈ ಶನಿವಾರ ಅದು ನನ್ನ ಪಾಲಿನ ಪಾಠ.