ಬಿಳಿಗುಂಡ್ಲುವಿನಲ್ಲಿ ನೀರು ಅಳೆಯಬಹುದು, ಮೀನನ್ನು?

ಮಂಡ್ಯದ ಅಂಗಡಿಯಿಂದ ಬಂಗುಡೆ ತಂದಾಗ ತಲೆಯನ್ನು ಎಸೆಯಬೇಡಿ. ಬುರುಡೆಯನ್ನು ಹಿಂಬದಿಯಿಂದ ಸೀಳಿ, ಮಿದುಳಿನ ಕೆಳಗೆ ಸೂಜಿಯಿಂದ ಮೆಲ್ಲಗೆ ಕೆದಕಿದರೆ ಅಕ್ಕಿ ನುಚ್ಚಿನಂಥ ಬಿಳಿ ಹರಳುಗಳು ಸಿಗುತ್ತವೆ. ಇವು ಮೀನಿನ ಕಿವಿಕಲ್ಲುಗಳು. ಮರಿಯಾಗಿದ್ದಾಗಿನಿಂದ ಇವುಗಳ ಮೇಲೆ ದಿನಕ್ಕೊಂದು ತೆಳು ಪದರ ಕೂಡುತ್ತಾ ಹೋಗುತ್ತದೆ. ಹರಳನ್ನು ಉಜ್ಜಿ ಸೂಕ್ಷ್ಮದರ್ಶಕದಲ್ಲಿಟ್ಟು ಪದರಗಳನ್ನು ಎಣಿಸಿದರೆ ಮೀನಿನ ವಯಸ್ಸು ತಿಳಿಯುತ್ತದೆ. ಬಲೆಗೆ ಬೀಳುವ ರಾಶಿಯಲ್ಲಿ ವಯಸ್ಸಾದ ಮೀನುಗಳು ಕಾಣದಾದರೆ, ಅವು ಬೆಳೆಯುವ ಮೊದಲೇ ಹಿಡಿಯಲಾಗುತ್ತಿದೆ ಎಂಬ ಅನುಮಾನ ಹುಟ್ಟುತ್ತದೆ.

ನೀರಿನ ಪಾಲಿಗಾಗಿ ತಲೆಮಾರುಗಳಿಂದ ಹೋರಾಡಿದ ನಮಗೆ ಈ ಎಣಿಕೆಯ ಬೆಲೆ ಗೊತ್ತಿರಬೇಕು. ಸುಪ್ರೀಂ ಕೋರ್ಟಿನ 2018ರ ತೀರ್ಪಿನಂತೆ ತಮಿಳುನಾಡಿಗೆ ಬಿಡಬೇಕಾದ 177.25 ಟಿಎಂಸಿ ಕಾವೇರಿ ನೀರನ್ನು ಗಡಿಯ ಬಿಳಿಗುಂಡ್ಲು ಮಾಪನ ಕೇಂದ್ರದಲ್ಲಿ ಅಳೆಯಬಹುದು. ಸಮುದ್ರಕ್ಕೆ ಅಂಥ ಮಾಪನ ಕೇಂದ್ರವಿಲ್ಲ. ತೀರದಿಂದ 200 ನಾಟಿಕಲ್ ಮೈಲಿ, ಅಂದರೆ ಸುಮಾರು 370 ಕಿಲೋಮೀಟರ್ ದಾಟಿದರೆ ಅದು ಯಾವ ದೇಶದ ಸ್ವತ್ತೂ ಅಲ್ಲ. ಟ್ಯೂನಾ ಮೀನಿಗೆ ಆ ಗಡಿಯ ಪರಿವೆಯೂ ಇಲ್ಲ.

ಆದ್ದರಿಂದಲೇ ವಿಶ್ವ ವ್ಯಾಪಾರ ಸಂಸ್ಥೆಯಲ್ಲಿ ಮೀನುಗಾರಿಕೆ ಸಬ್ಸಿಡಿಯ ಚರ್ಚೆ ಎರಡು ದಶಕ ಎಳೆಯಿತು. ಸರ್ಕಾರ ಡೀಸೆಲ್‌ಗೆ ಹಣ ಕೊಟ್ಟರೆ, ಹಿಡಿದ ಮೀನು ಖರ್ಚಿಗೆ ಸಾಲದಿದ್ದರೂ ಹಡಗು ದೂರದ ಕಡಲಿಗೆ ಹೋಗುತ್ತದೆ. 2022ರ ಜೂನ್‌ನಲ್ಲಿ ಜಿನೀವಾದಲ್ಲಿ ಒಪ್ಪಂದದ ಮೊದಲ ಭಾಗಕ್ಕೆ ಸಮ್ಮತಿ ಸಿಕ್ಕಿತು. ಅಕ್ರಮ ಮೀನುಗಾರಿಕೆಗೆ ಮತ್ತು ಈಗಾಗಲೇ ಬರಿದಾಗುತ್ತಿರುವ ಮೀನುಗಳ ಬೇಟೆಗೆ ಸಬ್ಸಿಡಿ ಕೊಡುವುದನ್ನು ಅದು ತಡೆಯುತ್ತದೆ. 2025ರ ಸೆಪ್ಟೆಂಬರ್ 15ರಂದು ಜಾರಿಗೆ ಬಂದಾಗ, ಅಂಗೀಕರಿಸಿದ ದೇಶಗಳ ಪಟ್ಟಿಯಲ್ಲಿ ಭಾರತ ಇರಲಿಲ್ಲ. ಮಿತಿಮೀರಿದ ಹಡಗುಬಲವನ್ನು ಬೆಳೆಸುವ ಸಬ್ಸಿಡಿಯ ಪ್ರಶ್ನೆಯಂತೂ 2024ರ ಅಬುಧಾಬಿ ಸಭೆಯಲ್ಲೂ ಬಗೆಹರಿಯಲಿಲ್ಲ.

ಭಾರತದ ವಾದದಲ್ಲಿ ನ್ಯಾಯವಿದೆ. ದೂರದ ಕಡಲುಗಳನ್ನು ದೈತ್ಯ ಹಡಗುಗಳಿಂದ ಬಾಚಿದವರು ಹೆಚ್ಚು ಹೊಣೆ ಹೊರಬೇಕು. ತೀರದಲ್ಲಿ ಹೊಟ್ಟೆ ಹೊರೆಯುವವರನ್ನು ಅವರೊಂದಿಗೆ ಒಂದೇ ತಕ್ಕಡಿಯಲ್ಲಿ ತೂಗಬಾರದು. ಅದಕ್ಕಾಗಿ ಸಬ್ಸಿಡಿ ನಿಲ್ಲಿಸಲು ಅಭಿವೃದ್ಧಿಶೀಲ ದೇಶಗಳಿಗೆ 25 ವರ್ಷಗಳ ಕಾಲಾವಕಾಶವನ್ನು ನಾವು ಕೇಳಿದ್ದೇವೆ.

ನನ್ನ ಮನಸ್ಸು ಒಪ್ಪದಿರುವುದು ಈ ಅವಧಿಯನ್ನು. ಬೂತಾಯಿ ಬದುಕುವುದೇ ಎರಡು–ಮೂರು ವರ್ಷ. ಕೇರಳದಲ್ಲಿ 2012ರಲ್ಲಿ ಸುಮಾರು 3.9 ಲಕ್ಷ ಟನ್ ಸಿಕ್ಕಿದ್ದ ಈ ಮೀನು 2021ರಲ್ಲಿ ಸುಮಾರು 3,300 ಟನ್ನಿಗೆ ಕುಸಿಯಿತು. ಕಡಲಿನ ಬಿಸಿ, ಮೀನಿಗೆ ಆಹಾರವಾದ ಸೂಕ್ಷ್ಮ ಪ್ಲವಕಗಳ ಏರಿಳಿತ ಎಲ್ಲವೂ ಇದರ ಹಿಂದಿವೆ, ಬಲೆಯೊಂದೇ ಕಾರಣವಲ್ಲ. ಆದರೆ ಒಂಬತ್ತೇ ವರ್ಷಗಳಲ್ಲಿ ಹೀಗಾಗುವ ಕಡಲಿಗೆ ಇಪ್ಪತ್ತೈದು ವರ್ಷಗಳ ವಾಯಿದೆ ತುಂಬಾ ಉದ್ದ. ಕಾಲಾವಕಾಶ ಬೇಕಾದರೆ ಮೀನಿನ ವಯಸ್ಸಿನ ಲೆಕ್ಕವನ್ನೂ ಅದರ ಜೊತೆಗಿಟ್ಟು ಕೇಳಬೇಕು. ಮರಿಗಳೇ ಹೆಚ್ಚಾಗಿ ಬಲೆಗೆ ಬೀಳತೊಡಗಿದರೆ ಆ ಅವಕಾಶ ಅಲ್ಲಿಗೇ ನಿಲ್ಲಬೇಕು.

ನಾವು ಕಡಲಿಗೆ ಬಿಡುವು ಕೊಡುತ್ತೇವೆ ಎನ್ನಲು ನಮ್ಮ ಕೈಯಲ್ಲಿ ಬಲವಾದ ಸಾಕ್ಷಿಯೂ ಇದೆ. ಜೂನ್ 1ರಿಂದ ಜುಲೈ 31ರವರೆಗೆ 61 ದಿನ ಮೀನುಗಾರಿಕೆ ನಿಷೇಧದಿಂದಾಗಿ ನಮ್ಮ ಪಶ್ಚಿಮ ಕರಾವಳಿಯ ಯಾಂತ್ರೀಕೃತ ದೋಣಿಗಳು ದಡದಲ್ಲಿ ನಿಲ್ಲುತ್ತವೆ. ಆಗ ಮಂಡ್ಯದವರು ಕೆರೆಯ ಕಟ್ಲ, ರೋಹುಗಳ ಕಡೆಗೆ ತಿರುಗುತ್ತಾರೆ. ಅದೇ ದಿನಗಳಲ್ಲಿ ತಮ್ಮ ಸರ್ಕಾರದ ಹಣದಲ್ಲಿ ಡೀಸೆಲ್ ತುಂಬಿಸಿಕೊಂಡು ಹಿಂದೂ ಮಹಾಸಾಗರಕ್ಕೆ ಇಳಿಯುವ ಬೇರೆ ದೇಶಗಳ ಹಡಗುಗಳ ಲೆಕ್ಕವನ್ನು ಭಾರತ ಜಿನೀವಾದಲ್ಲಿ ಕೇಳಲಿ.