ಪದ ಪರಿಚಯ: ಕ್ಯಾಂಪ್ ಸ್ಲ್ಯಾಷರ್

ಹಾರರ್ ಸಿನಿಮಾಗಳಲ್ಲಿ ಸ್ಲ್ಯಾಷರ್ ಅಂತ ಒಂದು ಬಗೆ ಇದೆ. ಇದಕ್ಕೆ ದೆವ್ವ ಬೇಕೇ ಬೇಕು ಅಂತಿಲ್ಲ. ಕೈಯಲ್ಲಿ ಚಾಕುವೋ ಕೊಡಲಿಯೋ ಹಿಡಿದ ಒಬ್ಬ ಕೊಲೆಗಾರ ಇದ್ದರೆ ಸಾಕು. ಹರೆಯದ ಹುಡುಗ ಹುಡುಗಿಯರು ಒಬ್ಬೊಬ್ಬರಾಗಿ ಸಾಯುತ್ತಾರೆ, ಕೊನೆಗೆ ಒಬ್ಬಳು ಉಳಿಯುತ್ತಾಳೆ. ಅವಳಿಗೆ ‘ಫೈನಲ್ ಗರ್ಲ್’ ಅಂತ 1987ರಲ್ಲಿ ಹೆಸರಿಟ್ಟವರು ಕ್ಯಾರಲ್ ಕ್ಲೋವರ್ ಎಂಬ ಪ್ರಾಧ್ಯಾಪಕಿ. ಈ ಕಥೆ ಬೇಸಿಗೆ ಶಿಬಿರದಲ್ಲಿ ನಡೆದರೆ ಅದು ಕ್ಯಾಂಪ್ ಸ್ಲ್ಯಾಷರ್.

ಶಿಬಿರವೇ ಯಾಕೆ? ನಮ್ಮ ಕಡೆ ಬೇಸಿಗೆ ಶಿಬಿರಕ್ಕೆ ಹೋದ ಮಕ್ಕಳು ಸಾಮಾನ್ಯವಾಗಿ ಸಂಜೆಯೊಳಗೆ ಮನೆ ಸೇರುತ್ತಾರೆ. ಅಮೆರಿಕದಲ್ಲಿ ಮಕ್ಕಳನ್ನು ವಾರಗಟ್ಟಲೆ ಕಾಡಿನ ನಡುವೆ, ಕೆರೆಯ ದಡದಲ್ಲಿ ಬಿಟ್ಟು ಬರುವುದುಂಟು. ಮರದ ಕ್ಯಾಬಿನ್, ದೋಣಿ, ರಾತ್ರಿ ಬೆಂಕಿಯ ಸುತ್ತ ಕೂತು ಹೇಳುವ ಭಯದ ಕಥೆ. ನೋಡಿಕೊಳ್ಳುವ ಕೌನ್ಸೆಲರ್‌ಗಳೂ ಹೆಚ್ಚಾಗಿ ಹದಿನೆಂಟು ಇಪ್ಪತ್ತರ ವಯಸ್ಸಿನವರೇ. ಅಪ್ಪ ಅಮ್ಮ ಇಲ್ಲ, ಪೊಲೀಸರು ದೂರ. ಇರುವ ಒಂದು ಫೋನಿನ ತಂತಿ ಕತ್ತರಿಸಿದರೆ ಆಯ್ತು.

ಈ ಬಗೆಗೆ ಅಚ್ಚು ಹಾಕಿಕೊಟ್ಟಿದ್ದು 1980ರ ‘ಫ್ರೈಡೇ ದ ತರ್ಟೀನ್ತ್’. ಷಾನ್ ಕನ್ನಿಂಗ್‌ಹ್ಯಾಮ್ ಇದನ್ನು ಸುಮಾರು ಐದೂವರೆ ಲಕ್ಷ ಡಾಲರಿನಲ್ಲಿ, ನ್ಯೂಜೆರ್ಸಿಯ ನಿಜವಾದ ಸ್ಕೌಟ್ ಶಿಬಿರವೊಂದರಲ್ಲಿ ತೆಗೆದರು. ಅಮೆರಿಕದಲ್ಲೇ ನಾಲ್ಕು ಕೋಟಿ ಡಾಲರಿನ ಹತ್ತಿರ ದುಡ್ಡು ಬಂತು. ಹೆಸರು ಕೇಳಿದ ಕೂಡಲೇ ಹಾಕಿ ಆಟದ ಮುಖವಾಡ ತೊಟ್ಟ ಕೊಲೆಗಾರ ಜೇಸನ್ ನೆನಪಾಗುತ್ತಾನೆ, ಅಲ್ವಾ? ಆದರೆ ಮುಖವಾಡ ಬಂದಿದ್ದು 1982ರ ಮೂರನೇ ಭಾಗದಲ್ಲಿ. ಮೊದಲ ಚಿತ್ರದಲ್ಲಿ ಕೊಲ್ಲುವುದು ಅವನ ತಾಯಿ. (ನಲವತ್ತು ವರ್ಷ ದಾಟಿದೆ, ಗುಟ್ಟು ಬಿಟ್ಟುಕೊಟ್ಟೆ ಅಂತ ಬೈಯಬೇಡಿ.) ಕೌನ್ಸೆಲರ್‌ಗಳು ಮೈಮರೆತಾಗ ಮಗ ಕೆರೆಯಲ್ಲಿ ಮುಳುಗಿದ ಅನ್ನುವುದು ಅವಳ ಸಿಟ್ಟು.

ಕ್ಯಾಂಪ್ ಸ್ಲ್ಯಾಷರ್‌ನ ಜೀವ ಇರುವುದು ಈ ಸಿಟ್ಟಿನಲ್ಲಿ ಅಂತ ನನಗನಿಸುತ್ತದೆ. ಆ ಜಾಗದಲ್ಲಿ ಹಿಂದೆ ಏನೋ ಅನ್ಯಾಯ ಆಗಿರುತ್ತದೆ, ಅದು ಈಗ ಬೆಂಕಿ ಮುಂದೆ ಹೇಳುವ ಕಥೆಯಾಗಿರುತ್ತದೆ. 1981ರ ‘ದ ಬರ್ನಿಂಗ್’ನಲ್ಲೂ ಹಾಗೇ. ಹುಡುಗರ ಕುಚೇಷ್ಟೆಯಿಂದ ಮೈ ಸುಟ್ಟುಕೊಂಡ ಶಿಬಿರದ ಕಾವಲುಗಾರ ಸೇಡಿಗೆ ಮರಳುತ್ತಾನೆ.

ಎರಡೂ ಚಿತ್ರಗಳ ರಕ್ತಸಿಕ್ತ ಮೇಕಪ್ ಟಾಮ್ ಸವೀನಿಯದು. ‘ಫ್ರೈಡೇ ದ ತರ್ಟೀನ್ತ್’ನಲ್ಲಿ ನಟ ಕೆವಿನ್ ಬೇಕನ್ ಮಂಚದ ಮೇಲೆ ಮಲಗಿದ್ದಾಗ ಕೆಳಗಿನಿಂದ ಬಾಣ ನುಗ್ಗಿ ಗಂಟಲಲ್ಲಿ ಹೊರಬರುವ ದೃಶ್ಯ ತುಂಬಾ ಹೆಸರುವಾಸಿ. ತಲೆ ಮಾತ್ರ ಬೇಕನ್‌ದು, ಕುತ್ತಿಗೆ ಎದೆ ಎಲ್ಲ ನಕಲಿ. ಶೂಟಿಂಗ್ ಹೊತ್ತಿಗೆ ರಕ್ತದ ಪಂಪು ಕೈಕೊಟ್ಟಿತು. ಸಹಾಯಕ ಪೈಪು ಬಾಯಿಗಿಟ್ಟು ಊದಿದ. ಗಂಟಲಿಂದ ರಕ್ತ ಗುಳುಗುಳು ಉಕ್ಕಿದ್ದು ಹಾಗೆ!

ಈಗ ಇದೇ ಬಗೆ ಹಳೆ ನೆನಪಿನ ಸರಕಾಗಿದೆ. 2019ರ ‘ಅಮೆರಿಕನ್ ಹಾರರ್ ಸ್ಟೋರಿ: 1984’ ಸರಣಿ, 2021ರಲ್ಲಿ ಬಂದ ‘ಫಿಯರ್ ಸ್ಟ್ರೀಟ್’ ಚಿತ್ರಸರಣಿಯ, 1978ರಲ್ಲಿ ನಡೆಯುವ ಭಾಗ, ಎರಡೂ ಆ ಕಾಲಕ್ಕೇ ಹೋಗುತ್ತವೆ. ಗಿಡ್ಡ ಚಡ್ಡಿ, ಉದ್ದ ಕಾಲುಚೀಲ, ಅಂದಿನ ಹಾಡುಗಳು. ಇದು ಸುಮ್ನೆ ಅಲಂಕಾರ ಅಲ್ಲ. ಮೊಬೈಲ್ ಇಲ್ಲದ ಕಾಲ ಆರಿಸಿಕೊಂಡರೆ ಕಥೆಗಾರನ ಅರ್ಧ ತಲೆನೋವು ಹೋಯ್ತು. ಆದರೆ ಹಳೆಯ ಚಿತ್ರಗಳಿಗೆ ಕಾಲದ ಬಣ್ಣ ಬಳಿದುಕೊಳ್ಳುವ ಇರಾದೆ ಇರಲಿಲ್ಲ. ನಟರು ಹಾಕಿದ್ದು ಆಗಿನ ಮಾಮೂಲಿ ಬಟ್ಟೆ. ಹೊಸದರಲ್ಲಿ ಎಷ್ಟೋ ಸಲ ಬಟ್ಟೆಯೇ ಜಾಸ್ತಿ ನಟಿಸುತ್ತದೆ.

‘ಫಿಯರ್ ಸ್ಟ್ರೀಟ್’ ಮಾತ್ರ ಒಂದು ಕಡೆ ಬೇರೆ ದಾರಿ ಹಿಡಿಯಿತು. 1980ರ ಚಿತ್ರದಲ್ಲಿ ಶಿಬಿರ ಇನ್ನೂ ತೆರೆದಿರುವುದಿಲ್ಲ, ಸಾಯುವವರ ಪಟ್ಟಿಯಲ್ಲಿ ಚಿಕ್ಕ ಮಕ್ಕಳಿಲ್ಲ. ಇಲ್ಲಿ ಮಕ್ಕಳು ಬಂದಾಗಿದೆ, ಕೊಡಲಿ ಅವರನ್ನೂ ಬಿಡುವುದಿಲ್ಲ.