ಮಳೆ ಕೊಡಗಿನದು, ಧುಮುಕುವುದು ಗಗನಚುಕ್ಕಿಯಲ್ಲಿ

ಕನ್ನಂಬಾಡಿ ಕಟ್ಟೆಯ ನೀರಿನ ಮಟ್ಟ 124.80 ಅಡಿ ಮುಟ್ಟಿ, ಹೆಚ್ಚುವರಿ ನೀರನ್ನು ನದಿಗೆ ಬಿಟ್ಟರೆಂಬ ಸುದ್ದಿ ಬಂದರೆ ಸಾಕು, ಮೈಸೂರು, ಮಂಡ್ಯಗಳಿಂದ ಶಿವನಸಮುದ್ರದ ಕಡೆಗೆ ವಾಹನಗಳು ಸಾಲುಗಟ್ಟುತ್ತವೆ. ಅದೇ ಹೊತ್ತಿನಲ್ಲಿ ಮಳವಳ್ಳಿ ಸೀಮೆಯ ರೈತರು ರಾಗಿ ಬಿತ್ತನೆಗೆ ಹದಮಳೆ ಕಾಯುತ್ತಿರುವುದೂ ಉಂಟು. ಪಶ್ಚಿಮಘಟ್ಟದ ಮಳೆನೆರಳಿನಲ್ಲಿರುವ ಈ ಬಯಲಿಗೆ ವರ್ಷಕ್ಕೆ ಸುಮಾರು 700 ಮಿ.ಮೀ. ಮಳೆಯಷ್ಟೇ ಬೀಳುತ್ತದೆ, ಮಳೆಗಾಲದಲ್ಲಿ ಗಗನಚುಕ್ಕಿ, ಭರಚುಕ್ಕಿಗಳಲ್ಲಿ ಧುಮುಕುವ ನೀರಿನ ಬಹುಪಾಲು ಕೊಡಗು ಮತ್ತು ವಯನಾಡಿನ ಕಾಡುಗುಡ್ಡಗಳಿಂದ ಬಂದದ್ದು.

ಆ ಗುಡ್ಡಗಳ ಕಾಡಿನಲ್ಲಿ ಮಳೆಹನಿ ನೇರವಾಗಿ ನೆಲಕ್ಕೆ ಅಪ್ಪಳಿಸುವುದಿಲ್ಲ. ಎಲೆಗಳ ಮೇಲೆ ವೇಗ ಕಳೆದುಕೊಂಡು, ತರಗೆಲೆಯ ಹಾಸಿನ ಮೇಲೆ ಬಿದ್ದು, ಬೇರುಗಳೂ ಎರೆಹುಳುಗಳೂ ಸಡಿಲಗೊಳಿಸಿದ ಮಣ್ಣಿನೊಳಕ್ಕೆ ಒಂದಷ್ಟು ಇಳಿಯುತ್ತದೆ. ಹೀಗೆ ಇಂಗಿದ ನೀರು ಮಳೆ ನಿಂತ ಮೇಲೂ ಸಣ್ಣ ತೊರೆಗಳಾಗಿ ಒಸರುತ್ತಿರುವುದರಿಂದಲೇ ಹೊಳೆಗಳಿಗೆ ಚಳಿಗಾಲದಲ್ಲಿಯೂ ಹರಿವಿರುತ್ತದೆ. ವಯನಾಡಿನ ಕಬಿನಿ, ನಾಗರಹೊಳೆ ಮತ್ತು ಬಂಡೀಪುರ ರಾಷ್ಟ್ರೀಯ ಉದ್ಯಾನಗಳ ನಡುವೆ ಹಾದು ತಿರುಮಕೂಡಲು ನರಸೀಪುರದಲ್ಲಿ ಕಾವೇರಿಯನ್ನು ಸೇರುತ್ತದೆ. ಕನ್ನಂಬಾಡಿ ತುಂಬುವ ಮೊದಲೇ ಜಲಪಾತಕ್ಕೆ ರಭಸ ಬಂದಿದ್ದರೆ, ಅದು ಹೆಚ್ಚಾಗಿ ಕಬಿನಿಯ ಕೊಡುಗೆಯೆಂದು ತಿಳಿಯಬಹುದು.

ನೀರು ಇಲ್ಲಿಯೇ ಧುಮುಕುವುದಕ್ಕೆ ಕಾರಣ ನೆಲದ ಇಳಿಜಾರು ಮತ್ತು ಕಲ್ಲಿನ ಗಟ್ಟಿತನ. ಮೈಸೂರು ಪ್ರಸ್ಥಭೂಮಿಯ ಅಂಚನ್ನು ದಾಟುವ ಕಾವೇರಿಗೆ 250 ಕೋಟಿ ವರ್ಷಗಳಿಗೂ ಹಳೆಯದಾದ, ಸುಲಭವಾಗಿ ಸವೆಯದ ಶಿಲೆಗಳು ಅಡ್ಡಬರುತ್ತವೆ. ನಡುಗಡ್ಡೆಯನ್ನು ಬಳಸಿ ಎರಡಾಗಿ ಒಡೆದ ನದಿ ಪಶ್ಚಿಮದಲ್ಲಿ ಗಗನಚುಕ್ಕಿಯಾಗಿ, ಪೂರ್ವದಲ್ಲಿ ಭರಚುಕ್ಕಿಯಾಗಿ ಬಿದ್ದು ಮತ್ತೆ ಒಂದಾಗುತ್ತದೆ. ಇಷ್ಟು ಗಟ್ಟಿಯಾದ ಕಲ್ಲೂ ಸವೆಯುತ್ತದೆ ಎನ್ನುವುದಕ್ಕೆ ಕೆಳಗಿನ ಮೇಕೆದಾಟಿನ ಬಂಡೆಗಳನ್ನು ನೋಡಬೇಕು. ಅಲ್ಲಿ ಸುಳಿಗೆ ಸಿಕ್ಕ ಉರುಟುಗಲ್ಲುಗಳು ಒಂದೇ ಕಡೆ ತಿರುಗಿ ತಿರುಗಿ, ಒರಳಿನಂಥ ನುಣುಪಾದ ಕುಳಿಗಳನ್ನು ಕೊರೆದಿವೆ. ಕೆಲವು ಕುಳಿಗಳ ತಳದಲ್ಲಿ ಕೊರೆದ ಕಲ್ಲೂ ಉಳಿದಿರುತ್ತದೆ. ಅದೂ ಅಷ್ಟೇ ಸವೆದು ಗುಂಡಗಾಗಿರುತ್ತದೆ.

ತುಂಬಿದ ಜಲಪಾತ ಕಣ್ಣಿಗೆ ಹಬ್ಬವೇನೋ ಹೌದು, ಆದರೆ ಕಲ್ಲಿನ ಕಥೆ ತಿಳಿಯಬೇಕಾದವರಿಗೆ ಬೇಸಿಗೆಯೇ ಮೇಲು. ಆಗ ಗಗನಚುಕ್ಕಿ ಬಡವಾಗಿ ಕಾಣುವುದಕ್ಕೆ ಮಳೆಯ ಕೊರತೆಯೊಂದೇ ಕಾರಣವಲ್ಲ. ಮೇಲಿನ ಅಣೆಕಟ್ಟುಗಳು ನೀರನ್ನು ತಡೆದಿಡುವುದರ ಜೊತೆಗೆ, 1902ರಲ್ಲಿ ಕೋಲಾರದ ಚಿನ್ನದ ಗಣಿಗಳಿಗೆ ವಿದ್ಯುತ್ ಕಳುಹಿಸಲು ಆರಂಭವಾದ ಶಿವನಸಮುದ್ರದ ವಿದ್ಯುದಾಗಾರಕ್ಕಾಗಿ ಜಲಪಾತದ ಮೇಲ್ಭಾಗದಲ್ಲಿಯೇ ನೀರನ್ನು ಕಾಲುವೆಗೆ ತಿರುಗಿಸಲಾಗುತ್ತದೆ.